ಎಡಗೈ ಬಡಿದ ಡೋರು

ಥಿನ್ನರ್ ವಾಸನೆ ಬಂದ ಕೂಡಲೇ ಜನ ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿಯುತ್ತಾರೆ. ನಾನು ಮಾತ್ರ ಒಂದು ಉಸಿರು ಜಾಸ್ತಿಯೇ ಎಳೆದುಕೊಳ್ಳುತ್ತೇನೆ. ಮೊನ್ನೆ ತುಮಕೂರಿನಲ್ಲಿ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ನನ್ನ ಕಾರು ಬಿಡಲು ಹೋಗಿದ್ದೆ. ಯಾರೋ ಪುಣ್ಯಾತ್ಮ ಸ್ಕೂಟರಿನಲ್ಲಿ ಬಂದು ಹಿಂದಿನ ಡೋರಿಗೆ ಗುದ್ದಿ, ಅಂಗೈ ಅಗಲದ ತಗ್ಗು ಮಾಡಿ, ತಿರುಗಿಯೂ ನೋಡದೆ ಹೋಗಿದ್ದ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಕೂರಲು ಮೆತ್ತನೆಯ ಕುರ್ಚಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗನೊಬ್ಬ ಬಂದು, ಡೋರಿಗೆ ಕೈ ಕೂಡ ತಾಗಿಸದೆ ದೂರದಿಂದಲೇ ಒಂದು ಫೋಟೋ ಹೊಡೆದು, "ಇದನ್ನ ತೆಗೆಯೋದಿಲ್ಲ ಮೇಡಂ, ಡೋರೇ ಬದಲಾಯಿಸಿಬಿಡ್ತೀವಿ" ಅಂದ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ. ಅಷ್ಟು ಸಣ್ಣ ತಗ್ಗಿಗೆ ಇಡೀ ಡೋರನ್ನು ಗುಜರಿಗೆ ಹಾಕುತ್ತೀಯೇನಪ್ಪಾ ಅಂತ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಯಾರೋ ಒಳಗೆ ಬಂದರು. ಅವರ ಹಿಂದೆಯೇ ಥಿನ್ನರ್ ವಾಸನೆಯೂ ಬಂತು. ಜಗಳ ಆಡಬೇಕೆಂದಿದ್ದವಳು ಅಲ್ಲೇ ಮೆತ್ತಗಾದೆ. "ಆಯ್ತಪ್ಪ, ಏನು ಮಾಡ್ತೀಯೋ ಮಾಡು" ಅಂದು ಕುರ್ಚಿಯಲ್ಲಿ ಕೂತುಬಿಟ್ಟೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಕೆಲವರಿಗೆ ಅದು ಹೊಸ ಮಳೆಯದು, ಕೆಲವರಿಗೆ ಹಳೆಯ ಪೆಟ್ಟಿಗೆಯದು. ನನ್ನದು ಇದು, ನಗಬೇಡಿ.

ನಮ್ಮ ಮನೆ ಮಧುಗಿರಿಯಲ್ಲಿ, ಪಾವಗಡದ ರಸ್ತೆಗೆ ಮುಖ ಮಾಡಿಕೊಂಡು ಇತ್ತು. ಮನೆ ಅನ್ನುವುದಕ್ಕಿಂತ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ ಅನ್ನಬೇಕು. ಮುಂದೆ ತಗಡಿನ ಚಾವಣಿಯ ಟಿಂಕರಿಂಗ್ ಶೆಡ್ಡು, ಹಿಂದೆ ನಾವು, ನಡುವೆ ಒಂದೇ ಒಂದು ಗೋಡೆ. ಗೋಡೆಯ ಈ ಕಡೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಆ ಕಡೆ ಅಪ್ಪ ಬಾನೆಟ್ಟಿಗೆ ಗ್ಯಾಸ್ ವೆಲ್ಡಿಂಗ್ ಹಾಕುತ್ತಿರುತ್ತಿದ್ದರು. ಬೇಸಿಗೆಯಲ್ಲಿ ಊರಿನ ಬೆಟ್ಟದ ಬಂಡೆ ಹೊತ್ತು ಮುಳುಗಿದ ಮೇಲೂ ಕಾವು ಉಗುಳುತ್ತಿತ್ತು. ಆ ಕಾವಿಗೆ ಪೇಂಟಿನ ವಾಸನೆ, ಸೀಮೆಎಣ್ಣೆ ವಾಸನೆ, ಸುಟ್ಟ ಕಬ್ಬಿಣದ ವಾಸನೆ ಎಲ್ಲ ಸೇರಿ ನಮ್ಮ ಹಾಸಿಗೆಗೂ ಹತ್ತಿಕೊಳ್ಳುತ್ತಿದ್ದವು. "ಈ ಮನೇಲಿ ಹಾಲಿಗೂ ಪೇಂಟ್ ವಾಸ್ನೆ" ಅಂತ ಅಮ್ಮ ದಿನಾ ಗೊಣಗುತ್ತಿದ್ದಳು. ಹಾಗೆ ಗೊಣಗುತ್ತಲೇ ಸಂಜೆ ಎಲ್ಲರ ಕೈಗೂ ಒಂದೊಂದು ಅಚ್ಚು ಬೆಲ್ಲ ಕೊಡುತ್ತಿದ್ದಳು. ದಿನವಿಡೀ ವಾಟರ್ ಪೇಪರ್ ಉಜ್ಜಿ, ಪೇಂಟ್ ಹೊಡೆದು, ಗಂಟಲಿಗೆ ಇಳಿದ ಧೂಳನ್ನು ಬೆಲ್ಲ ಎಳೆದುಕೊಂಡು ಹೋಗುತ್ತದೆ ಅಂತ ನಂಬಿಕೆ. ನಾನು ಧೂಳು ಕುಡಿಯದಿದ್ದರೂ ನನ್ನ ಪಾಲಿನ ಬೆಲ್ಲ ತಪ್ಪುತ್ತಿರಲಿಲ್ಲ.

ನಮ್ಮ ತಾತನದು ಐ.ಡಿ.ಹಳ್ಳಿಯಲ್ಲಿ ಕುಲುಮೆ. ನೇಗಿಲಿನ ಗುಳ, ಕುಡುಗೋಲು, ಗಾಡಿ ಚಕ್ರದ ಪಟ್ಟೆ ಮಾಡಿಕೊಂಡಿದ್ದ. ನಾನು ತಾತನನ್ನು ನೋಡಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಕುಲುಮೆ ಆರಿತು; ಅಪ್ಪ ಸಿರಾದಲ್ಲಿ ಟಿಂಕರಿಂಗ್ ಕಲಿತು ಮಧುಗಿರಿಯಲ್ಲಿ ಶೆಡ್ಡು ಹಾಕಿದರು. ಜೊತೆಗೆ ತಾಯಿಯನ್ನೂ ತಮ್ಮನನ್ನೂ ಕರೆತಂದರು. ತಾಯಿ ಅಂದರೆ ನಮ್ಮಜ್ಜಿ. ತಮ್ಮ ಅಂದರೆ ರಂಗ, ನನ್ನ ಚಿಕ್ಕಪ್ಪ, ಎಡಚ. ಪೇಂಟ್ ಹೊಡೆಯಲು ಸಿರಾದಿಂದ ಬಾಷಣ್ಣ ಬರುತ್ತಿದ್ದ. ಅವನು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವನು, ಮಾತಿಗೆ ಕೂತರೆ ಬಸ್ಸು ತಪ್ಪಿಸಿಕೊಳ್ಳುವವನು. ಬಾಷಣ್ಣನಿಂದಲೇ ನನ್ನ ಹೆಸರಿನ ಫಜೀತಿ ಶುರುವಾದದ್ದು. ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಪುಟ್ಟಿ ಅಂತ. ತಗ್ಗು ತುಂಬಲು ತಗಡಿಗೆ ಬಳಿಯುವ ಬಿಳಿ ಹಿಟ್ಟಿನಂಥ ಮಸಾಲೆಗೂ ಶೆಡ್ಡಿನಲ್ಲಿ ಪುಟ್ಟಿ ಅಂತಲೇ ಹೆಸರು. "ಪುಟ್ಟಿ ತಗಂಬಾ" ಅಂತ ಬಾಷಣ್ಣ ಕೂಗಿದರೆ ಡಬ್ಬಿಯ ಬದಲು ನಾನು ಓಡಿಹೋಗಿ ನಿಲ್ಲುತ್ತಿದ್ದೆ. "ಅರೆ, ನೀನಲ್ಲ ಬೇಟಿ, ಅದು" ಅಂತ ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಒಮ್ಮೆ ಗಿರಾಕಿಯೊಬ್ಬರು "ಪುಟ್ಟಿ ಜಾಸ್ತಿ ಹಚ್ಚಬೇಡಿ, ಬಿದ್ದೋಗ್ತದೆ" ಅಂದಾಗ ನಾನು ಅತ್ತುಬಿಟ್ಟಿದ್ದೆನಂತೆ. ದೊಡ್ಡವಳಾದ ಮೇಲೂ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಅಪ್ಪನಿಗೆ ಪುಟ್ಟಿ ಕಂಡರೆ ಆಗುತ್ತಿರಲಿಲ್ಲ, ನಾನಲ್ಲ, ಅದು. ಮುಖಕ್ಕೆ ಪೌಡರ್ ಹಚ್ಚಿದಷ್ಟು ಇರಬೇಕು, ಅದಕ್ಕಿಂತ ದಪ್ಪಗೆ ಬಳಿದರೆ ಅದು ಕೆಲಸವಲ್ಲ, ಮೋಸ ಅನ್ನುತ್ತಿದ್ದರು. ತಗಡನ್ನು ತಗಡಿನಲ್ಲೇ ಎತ್ತಬೇಕು. ಅದಕ್ಕೆ ಅವರದೊಂದು ಕ್ರಮವಿತ್ತು. ತಗ್ಗಿನ ನಡುವಿಗೆ ಸುತ್ತಿಗೆ ಇಡುತ್ತಲೇ ಇರಲಿಲ್ಲ. ಗುದ್ದು ಬಿದ್ದಾಗ ಕೊನೆಗೆ ಮಡಚಿದ್ದು ಅಂಚು, ಆದ್ದರಿಂದ ಬಿಚ್ಚುವಾಗ ಅದೇ ಮೊದಲು. ಡಾಲಿ ಅನ್ನುವ ಕಬ್ಬಿಣದ ಗಟ್ಟಿಯನ್ನು ಒಳಗಿನಿಂದ ಅಂಗೈಯಲ್ಲಿ ಒತ್ತಿಹಿಡಿದು, ಹೊರಗಿನಿಂದ ಸಣ್ಣ ಸಣ್ಣ ಏಟು ಹಾಕುತ್ತಾ ಅಂಚಿನಿಂದ ಒಳಗೆ ಬರುತ್ತಿದ್ದರು. ಆತುರದಲ್ಲಿ ಜಾಸ್ತಿ ಬಡಿದರೆ ತಗಡು ಹಿಗ್ಗಿ ಡಬಕ್ ಡಬಕ್ ಅನ್ನುತ್ತಿತ್ತು. ಆಗ ಅದನ್ನು ಒಂದು ಚುಕ್ಕೆಯಷ್ಟು ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತುತ್ತಿದ್ದರು. ಚೊಂಯ್ ಅಂದು ತಗಡು ಮುದುಡಿಕೊಳ್ಳುತ್ತಿತ್ತು. ಆಮೇಲೆ ಕಬ್ಬಿಣ ಉಜ್ಜುವ ಅರವನ್ನು ಹಗುರಕ್ಕೆ ಮೇಲೆ ಮೇಲೆ ಆಡಿಸುತ್ತಿದ್ದರು. ಎತ್ತರವಿದ್ದಲ್ಲಿ ಅರ ತಾಗಿ ಹೊಳೆಯುತ್ತಿತ್ತು, ತಗ್ಗಿದ್ದಲ್ಲಿ ಕಪ್ಪಗೆ ಉಳಿಯುತ್ತಿತ್ತು. ಕೊನೆಗೆ ಅಮ್ಮನ ಹಳೆ ವಾಯಿಲ್ ಸೀರೆಯ ತುಂಡನ್ನು ಅಂಗೈ ಕೆಳಗೆ ಇಟ್ಟು, ಕಣ್ಣು ಮುಚ್ಚಿ, ಇಡೀ ಡೋರನ್ನು ಸವರಿ ನೋಡುವುದು. ಬಟ್ಟೆ ನಡುವೆ ಇದ್ದರೆ ಕೈಗೆ ಸಣ್ಣ ಏರಿಳಿತವೂ ಗೊತ್ತಾಗುತ್ತದೆ. ಈಗಲೂ ನಾನು ಯಾವ ಕಾರಿನ ಪಕ್ಕ ಹಾದುಹೋದರೂ ಸೆರಗಿನ ತುದಿಯನ್ನು ಅಂಗೈಗೆ ಸಿಕ್ಕಿಸಿ ಒಮ್ಮೆ ಸವರುತ್ತೇನೆ, ಮಕ್ಕಳು ನಾಚಿಕೆಪಟ್ಟು ದೂರ ಸರಿಯುತ್ತಾರೆ.

ಚಿಕ್ಕಪ್ಪನ ಕೈ ಅಪ್ಪನಷ್ಟೇ ಚುರುಕು, ತಾಳ್ಮೆ ಮಾತ್ರ ಕಮ್ಮಿ. ಅವನು ನನ್ನ ಸ್ಕೂಲಿನ ತಗಡಿನ ಪೆಟ್ಟಿಗೆಗೆ ಯಾವುದೋ ಅಂಬಾಸಿಡರ್ ಕಾರಿಗೆ ಹೊಡೆದು ಉಳಿದ ತಿಳಿನೀಲಿ ಪೇಂಟು ಹೊಡೆದುಕೊಟ್ಟಿದ್ದ. ಕ್ಲಾಸಿನಲ್ಲೆಲ್ಲ ನನ್ನದೊಂದೇ ಪೆಟ್ಟಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಹೆಸರು ಬರೆದುಕೊಡು ಅಂದರೆ ಅವನು ನಕ್ಕು ಬಾಷಣ್ಣನ ಕಡೆ ಕೈ ತೋರಿಸಿದ. ಚಿಕ್ಕಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಎಡಗೈಯಲ್ಲಿ ಬರೆದನೆಂದು ಐ.ಡಿ.ಹಳ್ಳಿಯ ಮೇಷ್ಟ್ರು ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರಂತೆ, ಅದಕ್ಕೆ ಸ್ಕೂಲು ಬಿಟ್ಟು ಕುಲುಮೆಗೆ ಹೋಗಿ ಕೂತವನು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಮನೆಯವರೆಲ್ಲರಿಗೂ ಅದು ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಬೇಕಾದಾಗ ಅವನು ಕಣ್ಣು ಉಜ್ಜಿಕೊಳ್ಳುತ್ತಾ "ಕಣ್ಣಿಗೆ ಅರದ ಪುಡಿ ಬಿದ್ದೈತೆ, ಯಾವೂರ ಬಸ್ಸು ನೋಡಣ್ಣ" ಅಂತ ಪಕ್ಕದವರನ್ನು ಕೇಳುತ್ತಿದ್ದ.

ಕೊಳಾಲದ ಗೌಡರೊಬ್ಬರ ಕಾರಿನಿಂದ ಎಲ್ಲ ಆಯಿತು. ಆ ಕಾರಿನ ಡೋರುಗಳ ಕೆಳಗಿನ ಅಂಚು ತುಕ್ಕು ಹಿಡಿದು ತೂತಾಗಿತ್ತು. ತುಕ್ಕು ತಿಂದಷ್ಟನ್ನೂ ಕತ್ತರಿಸಿ ಹೊಸ ತಗಡು ಬೆಸೆಯಬೇಕು ಅಂತ ಅಪ್ಪ ತಗಡು ತರಲು ತುಮಕೂರಿಗೆ ಹೋಗಿದ್ದರು. ಅಷ್ಟರಲ್ಲಿ ಗೌಡರ ಕಡೆಯವರು ಬಂದು, ಮನೆಯಲ್ಲಿ ಮದುವೆ, ಕಾರು ಇವತ್ತೇ ಬೇಕು ಅಂತ ಕೂತುಬಿಟ್ಟರು. ಚಿಕ್ಕಪ್ಪ ಅವರ ಅವಸರ ನೋಡಲಾರದೆ ತೂತಿನ ಹಿಂದೆ ನ್ಯೂಸ್ ಪೇಪರ್ ತುರುಕಿ, ಮೇಲೆ ದಪ್ಪಗೆ ಪುಟ್ಟಿ ಬಳಿದು, ಉಜ್ಜಿ, ಪೇಂಟು ಹೊಡೆಸಿ ಕಳಿಸಿಬಿಟ್ಟ. ನೋಡಲು ಹೊಸ ಡೋರಿನ ಹಾಗೆಯೇ ಇತ್ತಂತೆ. ಒಂದು ಮಳೆಗಾಲ ಕಳೆಯಿತು. ಗೌಡರು ಕಾರು ತಗೊಂಡು ಬಂದು ಡೋರಿನ ಮುಂದೆ ನಿಂತರು. ಪೇಂಟು ಅಪ್ಪಳದಂತೆ ಬೊಬ್ಬೆ ಎದ್ದಿತ್ತು. ಅಪ್ಪ ಉಳಿ ಹಾಕಿ ಒಂದು ಮೀಟು ಮೀಟಿದರು. ರೊಟ್ಟಿಯಷ್ಟು ದೊಡ್ಡ ಪುಟ್ಟಿಯ ಚಕ್ಕೆ ಕಳಚಿ ಬಿತ್ತು, ಅದರ ಬೆನ್ನಿಗೆ ನ್ಯೂಸ್ ಪೇಪರ್ ಅಂಟಿಕೊಂಡಿತ್ತು.

ಅಪ್ಪನಿಗೆ ಆವತ್ತು ಏನಾಗಿತ್ತೋ. ಆ ಚಕ್ಕೆಯನ್ನು ಎತ್ತಿ ತಮ್ಮನ ಮುಖದ ಮುಂದೆ ಹಿಡಿದು, "ಲೇ ರಂಗ, ಯಾವ ದಿನದ ಪೇಪರ್ರು ಅಂತ ಗೌಡ್ರಿಗೆ ಓದಿ ಹೇಳು" ಅಂದರು. "ಓದ್ಲಾ, ದೊಡ್ಡ ಕೆಲ್ಸಗಾರ ನೀನು, ಓದು" ಅಂತ ಅಪ್ಪ ಮತ್ತೆ ಅಂದರು. ಗೌಡರ ಡ್ರೈವರು ಕಿಸಕ್ಕನೆ ನಕ್ಕ. ನಾನು ಶೆಡ್ಡಿನ ಮುಂದಿನ ಹೊಂಗೆಮರದ ಕೆಳಗೆ ಕೂತು ನೋಡುತ್ತಿದ್ದೆ. ಚಿಕ್ಕಪ್ಪ ಸುತ್ತಿಗೆ ಕೆಳಗಿಟ್ಟ. ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಸೋಪು ಹಾಕಿ, ಉಗುರಿನ ಸಂದಿಯನ್ನೂ ಬಿಡದೆ ನಿಧಾನಕ್ಕೆ ತೊಳೆದುಕೊಂಡ. ಅಂಗಿಗೆ ಕೈ ಒರೆಸಿಕೊಂಡು ರಸ್ತೆಗೆ ಇಳಿದವನು ತಿರುಗಿ ನೋಡಲಿಲ್ಲ. ಬೀಡಿಗೆ ಹೋಗಿದ್ದಾನೆ ಅಂತ ನಾವು ಅಂದುಕೊಂಡೆವು.

ಅಜ್ಜಿ ಆವತ್ತು ಐ.ಡಿ.ಹಳ್ಳಿಯಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಳು. ಬಂದವಳಿಗೆ ಬಾಷಣ್ಣ ನಡೆದದ್ದನ್ನು ಹೇಳಿದ. ಅಜ್ಜಿ ಅಪ್ಪನ ಎದುರು ನಿಂತು, "ಅವನಿಗೆ ಓದಾಕೆ ಬರಲ್ಲ ಅಂತ ನಿಂಗೊತ್ತಿರಲಿಲ್ವೇನ್ಲಾ?" ಅಂತ ಕೇಳಿದಳು. ಅಷ್ಟೇ. ಅಲ್ಲಿಂದಾಚೆ ಅಜ್ಜಿ ಆ ಮಾತು ಎತ್ತಲಿಲ್ಲ, ಆದರೆ ಶೆಡ್ಡಿಗೂ ಕಾಲಿಡಲಿಲ್ಲ. ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದಳು. ಹೊತ್ತೆಲ್ಲ ಆ ನಡುಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಅಪ್ಪ ಹುಡುಕದ ಜಾಗವಿಲ್ಲ. ಸಿರಾ, ಪಾವಗಡ, ಕೊರಟಗೆರೆ, ತುಮಕೂರು, ಗಡಿ ದಾಟಿ ಹಿಂದೂಪುರ, ಎಲ್ಲೆಲ್ಲಿ ಟಿಂಕರಿಂಗ್ ಶೆಡ್ಡು ಇತ್ತೋ ಅಲ್ಲೆಲ್ಲ ಹೋಗಿ "ರಂಗ ಅಂತ ಒಬ್ಬ ಬಂದಿದ್ನಾ" ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ವರ್ಷ ಕಳೆದ ಹಾಗೆ ಜನ ಒಂದೊಂದು ಹೇಳತೊಡಗಿದರು. ಲಾರಿಯಲ್ಲಿ ಕ್ಲೀನರ್ ಆಗಿ ಹೋದ ಅಂದರು, ಯಾವುದೋ ಕೆರೆಯಲ್ಲಿ ಹೆಣ ತೇಲಿತ್ತು ಅಂದರು. ಅಜ್ಜಿ ಸೊರಗುತ್ತಾ ಬಂದಳು. "ಬರದಿದ್ರೆ ಬ್ಯಾಡ, ಅವನು ಬದುಕವ್ನೋ ಇಲ್ವೋ ಅಷ್ಟು ಹೇಳ್ರಪ್ಪಾ, ನಾನು ಕಣ್ ಮುಚ್ಕಂತೀನಿ" ಅಂತ ಒಮ್ಮೆ ಅಮ್ಮನ ಹತ್ತಿರ ಅಂದದ್ದನ್ನು ನಾನೇ ಕೇಳಿದ್ದೆ. ಅದನ್ನು ಹೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಪಾವಗಡದ ಕಡೆಯ ಟ್ಯಾಕ್ಸಿಯೊಂದು ನಮ್ಮ ಶೆಡ್ಡಿಗೆ ಬಂತು. ಡ್ರೈವರ್ ನರಸಿಂಹಪ್ಪನದೇ ಕಾರು. ಬುಕ್ಕಾಪಟ್ಟಣಕ್ಕೆ ಬಾಡಿಗೆಗೆ ಹೋಗಿದ್ದವನು ಅಡ್ಡ ಬಂದ ಜಿಂಕೆಯನ್ನು ಉಳಿಸಲು ಹೋಗಿ ಹುಣಸೆಮರಕ್ಕೆ ಪಕ್ಕೆ ಉಜ್ಜಿಸಿದ್ದ. ಹಿಂದಿನ ಡೋರು ಒಳಗೆ ಹೋಗಿತ್ತು. ಅಪ್ಪ ಗ್ಯಾಸಿನ ಉರಿಯನ್ನು ಮೆಲ್ಲಗೆ ಆಡಿಸುತ್ತಾ ಹಳೆ ಪೇಂಟನ್ನು ಕೆರೆಯತೊಡಗಿದರು. ಪೇಂಟು ಹೋಯಿತು, ಅದರ ಕೆಳಗಿನ ಪ್ರೈಮರ್ರೂ ಹೋಯಿತು. ಡೋರಿಗೆ ಹಿಂದೆ ಒಮ್ಮೆ ಕೆಲಸವಾಗಿದೆ ಅಂತ ಗೊತ್ತಾಯಿತು, ಆದರೆ ಅಲ್ಲಿ ಇರಬೇಕಾಗಿದ್ದ ಪುಟ್ಟಿ ಇರಲಿಲ್ಲ. ಬರೀ ತಗಡು, ತಗಡಿನ ತುಂಬ ಒತ್ತೊತ್ತಾಗಿ ಸಣ್ಣ ಏಟಿನ ಗುರುತು, ಮೇಲೆ ಅರದ ಗೀರು. ಬಲಗೈಯವರ ಅರದ ಗೀರು ಒಂದು ಕಡೆಗೆ ವಾಲಿರುತ್ತದೆ. ಈ ಗೀರುಗಳು ಇನ್ನೊಂದು ಕಡೆಗೆ ವಾಲಿದ್ದವು. ಅಪ್ಪ ಗ್ಯಾಸ್ ಆರಿಸಿದರು. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತೇ ಇದ್ದರು. ಆಮೇಲೆ ತಿರುಪು ಬಿಚ್ಚಿ, ಡೋರನ್ನು ಕಾರಿನಿಂದ ಕಳಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಯೊಳಗೆ ಬಂದು ಅಜ್ಜಿಯ ಮುಂದೆ ಚಾಪೆಯ ಮೇಲೆ ಮಲಗಿಸಿದರು.

"ಇದನ್ನ ಮುಟ್ಟಿ ನೋಡವ್ವ" ಅಂದರು. ಅಜ್ಜಿಯ ಕಣ್ಣು ಆಗಲೇ ಮಂಜಾಗಿತ್ತು. ಕುಲುಮೆಯ ಮನೆಯಲ್ಲಿ ಹುಟ್ಟಿ ಕುಲುಮೆಯ ಮನೆಗೆ ಬಂದವಳು. ತಿದಿ ಒತ್ತಿ ಒತ್ತಿ ಅಂಗೈ ಗಟ್ಟಿಯಾಗಿತ್ತು. ಆ ಅಂಗೈಯನ್ನು ತಗಡಿನ ಮೇಲೆ ಮೇಲಿನಿಂದ ಕೆಳಕ್ಕೆ ಆಡಿಸಿದಳು. ಮತ್ತೆ ಆಡಿಸಿದಳು. ಹಿಡಿಯ ಕೆಳಗೆ ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಕೈ ತಡೆದೈತೆ ನೋಡು. ಅವನು ಇಂಗೇಯಾ, ಕೊನೇ ಏಟು ಹಾಕಾಕೆ ಹೆದರ್ಕಂತಾನೆ" ಅಂದಳು. ಅಪ್ಪ, "ಪುಟ್ಟಿ ಇಲ್ಲ ಕಣವ್ವ. ಒಂದ್ ಚೂರೂ ಇಲ್ಲ" ಅಂದರು. "ನಾನು ಇಲ್ಲೇ ಇದೀನಲ್ಲಪ್ಪ" ಅಂದೆ ನಾನು. ಯಾರೂ ನಗಲಿಲ್ಲ. ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡು, ನನ್ನ ತಲೆಯ ಮೇಲೆ ಗದ್ದ ಊರಿ ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಆ ಡೋರಿನಲ್ಲಿ ಚಿಕ್ಕಪ್ಪ ತುಂಬಲು ಜಾಗವಿದ್ದರೂ ಪುಟ್ಟಿ ತುಂಬಿರಲಿಲ್ಲ, ಅಣ್ಣ ಹೇಳಿಕೊಟ್ಟಂತೆಯೇ ತಗಡನ್ನು ತಗಡಿನಲ್ಲೇ ಎತ್ತಿದ್ದ. ಯಾರೂ ನೋಡದ ಕಡೆಯಲ್ಲಿ, ಪೇಂಟಿನ ಕೆಳಗೆ.

ನರಸಿಂಹಪ್ಪನನ್ನು ಕರೆದು ಕೇಳಿದರೆ ಅವನು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಸಲೀಸಾಗಿ ಹೇಳಿಬಿಟ್ಟ. "ಅದಾ ಅಣ್ಣ, ಹೋದ ಶ್ರಾವಣದಾಗ ಎತ್ತಿನ ಗಾಡಿ ಮೂಕಿ ತಗಲಿತ್ತು. ನಮ್ಮೂರ ಕಡೆ ಒಬ್ಬ ಎಡಗೈಯೋರು ಅವ್ರೆ, ಎಡಮಚೇತಿ ಮೇಸ್ತ್ರಿ ಅಂಟಾರು. ಕೆಲ್ಸ ಬಾಗಾ ಚೇಸ್ತಾಡು, ಮಾತು ಮಾತ್ರ ಕಮ್ಮಿ." ಅಲ್ಲಿ ಅವನನ್ನು ಯಾರೂ ರಂಗ ಅಂತ ಕರೆಯುತ್ತಿರಲಿಲ್ಲ, ಅದಕ್ಕೇ ಅಪ್ಪ ಕೇಳಿದಾಗಲೆಲ್ಲ ಯಾರಿಗೂ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಊರು ಅದು. ಹೋದ ಶ್ರಾವಣ ಅಂದದ್ದು ಕೇಳಿ ಅಜ್ಜಿ, "ಬದುಕವ್ನೆ ಕಣ್ಲಾ ನನ್ ಮಗ" ಅಂತ ಗೋಡೆಗೆ ತಲೆ ಆನಿಸಿದಳು. ಅಪ್ಪ ಮಾತ್ರ, "ಯಾವ ಮುಖ ಇಟ್ಕಂಡು ಹೋಗಿ ಕರೀಲವ್ವ?" ಅಂದರು. ಅಜ್ಜಿ ಡೋರಿನ ಮೇಲೆ ಕೈ ಇಟ್ಟುಕೊಂಡೇ, "ನೀನ್ಯಾಕೆ ಕರೀತೀಯ? ಕೆಲ್ಸ ಐತಲ್ಲ, ಅದು ಕರೀತದೆ. ನಮ್ಮ ಮನೆಯೋನು ಬಡಿದ ಕಬ್ಬಿಣಕ್ಕೆ ಅವನು ಇರೋಗಂಟ ಮನೇಲಿ ಇನ್ನೊಬ್ರು ಸುತ್ತಿಗೆ ಇಡಂಗಿಲ್ಲ. ನಿಮ್ಮಪ್ಪ ಹಂಗೇ ಅಲ್ವಾ ನಡೆಸ್ತಿದ್ದುದ್ದು?" ಅಂದಳು. ಹೌದು, ಅದು ಕುಲುಮೆಯ ಕಾಲದ ಕಟ್ಟಳೆ. ಹೊರಗಿನವರ ಕೆಲಸವನ್ನು ಯಾರು ಬೇಕಾದರೂ ತಿದ್ದಬಹುದು, ಅಣ್ಣತಮ್ಮಂದಿರು ಮಾತ್ರ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೈ ಇಡಬಾರದು. ಮನೆಯಲ್ಲಿ ಜಗಳ ಬರಬಾರದು ಅಂತ ಮಾಡಿಕೊಂಡದ್ದಿರಬೇಕು.

ಅಪ್ಪ ಬಾಷಣ್ಣನನ್ನು ಜೊತೆ ಮಾಡಿಕೊಂಡು ಹೊರಟರು. ಅಲ್ಲಿ ನಡೆದದ್ದನ್ನು ಅಪ್ಪ ಯಾವತ್ತೂ ಹೇಳಲಿಲ್ಲ. ಬಾಷಣ್ಣ ಹೇಳಿದ, ಹೇಳಿದಾಗಲೆಲ್ಲ ಉಪ್ಪು ಖಾರ ಸೇರಿಸಿ ಹೇಳಿದ. ಚಿಕ್ಕಪ್ಪ ಜೀಪಿನ ಮಡ್‌ಗಾರ್ಡಿನ ಕೆಳಗೆ ಮಲಗಿದ್ದನಂತೆ. ಹೊರಗೆ ಬಂದು ಅಣ್ಣನನ್ನು ನೋಡಿ ಎದ್ದು ನಿಂತನಂತೆ. ಗಡ್ಡ ನರೆತಿತ್ತಂತೆ. "ಯಾ ಅಲ್ಲಾ, ಇಬ್ರೂ ಮಾತಾಡಲ್ಲ ಬೇಟಿ, ನಾನೇ ಬಿಸಿಲು, ಮಳೆ, ಬಸ್ಸು ಅಂತ ಏನೇನೋ ಮಾತಾಡ್ತಾ ಅವ್ನಿ" ಅಂದ ಬಾಷಣ್ಣ. ಕೊನೆಗೆ ಅಪ್ಪ ಬಾಯಿ ಬಿಟ್ಟರಂತೆ: "ನೀನು ಬಡಿದ ಡೋರು ನಮ್ಮ ಶೆಡ್ಡಿಗೆ ಬಂದೈತೆ. ನಾನು ಮುಟ್ಟಂಗಿಲ್ಲ. ಬಂದು ಎತ್ತಿಕೊಟ್ಟು ಹೋಗು." ಚಿಕ್ಕಪ್ಪ "ಅವ್ವ?" ಅಂತ ಒಂದೇ ಮಾತು ಕೇಳಿದನಂತೆ. "ಅವ್ವನೇ ಆ ಡೋರ್ ಇಟ್ಕಂಡು ಕುಂತವಳೆ" ಅಂದರಂತೆ ಅಪ್ಪ. "ಕೈಲಿ ಕೆಲ್ಸ ಐತೆ, ಮುಗಿಸ್ಕಂಡು ಬತ್ತೀನಿ" ಅಂದು ಚಿಕ್ಕಪ್ಪ ಮತ್ತೆ ಜೀಪಿನ ಕೆಳಗೆ ಹೋದನಂತೆ. ಯಾವತ್ತು ಬರುತ್ತೇನೆ ಅಂತ ಹೇಳಲಿಲ್ಲ, ಇವರು ಕೇಳಲೂ ಇಲ್ಲ.

ಆ ಕಾಯುವಿಕೆಯಷ್ಟು ಉದ್ದದ ಕಾಯುವಿಕೆಯನ್ನು ನಾನು ಆಮೇಲೆ ಕಂಡಿಲ್ಲ. ಡೋರು ಅಜ್ಜಿಯ ಪಕ್ಕದಲ್ಲೇ ಇತ್ತು. ಪೇಂಟಿಲ್ಲದ ಬರೀ ತಗಡು ಒಂದು ರಾತ್ರಿಯ ತಂಪಿಗೇ ತುಕ್ಕು ಹಿಡಿಯುತ್ತದೆ. ಅದಕ್ಕೆ ಅಜ್ಜಿ ದಿನಾ ಬೆಳಿಗ್ಗೆ ಅಂಗೈಗೆ ಕಡಲೆಕಾಯಿ ಎಣ್ಣೆ ಸುರಿದುಕೊಂಡು ಅದಕ್ಕೆ ಹಚ್ಚುತ್ತಿದ್ದಳು. ಕೈಯಲ್ಲಿ ಉಳಿದ ಎಣ್ಣೆಯನ್ನು ನನ್ನ ತಲೆಗೆ ಒರೆಸುತ್ತಿದ್ದಳು. ನರಸಿಂಹಪ್ಪ ದಿನ ಬಿಟ್ಟು ದಿನ ಬಂದು, "ಅಣ್ಣಾ, ನಾ ಬಂಡಿ ಏಮೈಂದಿ, ಏನಾಯ್ತು ನನ್ ಗಾಡಿ, ಡೋರ್ ಇಲ್ದೆ ಯಾವ ಪ್ಯಾಸೆಂಜರ್ ಹತ್ತುತಾರೆ" ಅಂತ ರೇಗುತ್ತಿದ್ದ. ಒಮ್ಮೆ ಒಳಗೆ ಬಂದು ತನ್ನ ಕಾರಿನ ಡೋರಿಗೆ ಮುದುಕಿಯೊಬ್ಬಳು ಎಣ್ಣೆ ಹಚ್ಚುತ್ತಾ ಕೂತದ್ದನ್ನು ನೋಡಿದ. ಅಮ್ಮ ವಿಷಯ ತಿಳಿಸಿದಳು. ಅವನು ಬಾಗಿಲಲ್ಲೇ ಕೂತು ಅಮ್ಮ ಕೊಟ್ಟ ಕಾಫಿ ಕುಡಿದು, "ಪರವಾಗಿಲ್ಲಮ್ಮ, ನಿಧಾನಕ್ಕೇ ಆಗಲಿ" ಅಂದು ಹೋದ. ಆಮೇಲೆ ಅವನು ಕೇಳಲು ಬರಲಿಲ್ಲ. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ಇವರು ಯಾರೂ ಈಗ ಇಲ್ಲ. ಅಜ್ಜಿ ಹೋದಳು, ಕೊನೆಯವರೆಗೂ ಇಬ್ಬರು ಮಕ್ಕಳ ಕೈಯಲ್ಲಿ ಉಂಡು ಹೋದಳು. ಬಾಷಣ್ಣ, ಅಪ್ಪ, ಚಿಕ್ಕಪ್ಪ, ಅಮ್ಮ, ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಶೆಡ್ಡು ಇದ್ದ ಕಡೆ ಈಗ ಮೊಬೈಲ್ ಅಂಗಡಿ, ಅದರ ಪಕ್ಕ ಬೇಕರಿ. ಹೊಂಗೆಮರ ರಸ್ತೆ ಅಗಲ ಮಾಡುವಾಗ ಹೋಯಿತು. ಕಾರುಗಳ ತಗಡು ಈಗ ತೆಳ್ಳಗೆ, ಬಂಪರೆಲ್ಲ ಪ್ಲಾಸ್ಟಿಕ್ಕು, ಬಡಿದು ಎತ್ತುವ ಪುರುಸೊತ್ತು ಯಾರಿಗೂ ಇಲ್ಲ. ಆ ಇಸ್ತ್ರಿ ಅಂಗಿಯ ಹುಡುಗನನ್ನು ಬೈದು ಪ್ರಯೋಜನವೂ ಇಲ್ಲ. ನನಗೆ ದುಃಖ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಋಣ ಅನ್ನಿಸುತ್ತದೆ. ಆ ಹುಣಸೆಮರದ ಋಣ, ಅಡ್ಡ ಬಂದ ಜಿಂಕೆಯ ಋಣ, ಬೇರೆ ಶೆಡ್ಡಿಗೆ ಹೋಗದೆ ನಮ್ಮಲ್ಲಿಗೇ ಬಂದ ಆ ಕಾರಿನ ಋಣ. ಇಂಥ ಮನೆಯಲ್ಲಿ ನನ್ನನ್ನು ಹುಟ್ಟಿಸಿದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ಅವರಿಗೆ ಮುಗಿಯುತ್ತೇನೆ. ಇನ್ನು ಆ ಕಾಯುವಿಕೆ ಮುಗಿದ ಬೆಳಗಿನ ಮಾತೊಂದು ಹೇಳಿ ಮುಗಿಸುತ್ತೇನೆ.

ನಾನು ಸ್ಕೂಲಿಗೆ ಹೊರಡುತ್ತಿದ್ದೆ, ಅಜ್ಜಿ ನನಗೆ ಜಡೆ ಹಾಕುತ್ತಿದ್ದಳು. ಅಪ್ಪ ಶೆಡ್ಡಿನ ಬಾಗಿಲಿನಿಂದ ಒಳಗೆ ಬಂದು ನಿಂತರು. "ಬಂದವನೆ ಕಣವ್ವ" ಅಂದರು. ಅಜ್ಜಿಯ ಕೈ ನನ್ನ ಜಡೆಯಲ್ಲಿ ನಿಂತಿತು. "ಒಳಗೆ ಬಾ ಅಂದ್ಯಾ?" ಅಂತ ಕೇಳಿದಳು. "ಅಂದೆ. ಮೊದ್ಲು ಕೆಲ್ಸ ಅಂದ" ಅಂದರು ಅಪ್ಪ. ಅಜ್ಜಿ ತಲೆದೂಗಿ, ತನ್ನ ಸೆರಗಿನಿಂದಲೇ ಡೋರಿನ ಎಣ್ಣೆಯನ್ನೆಲ್ಲ ಒರೆಸಿ, "ತಗಂಡೋಗು" ಅಂದಳು. ಅಪ್ಪ ಅದನ್ನು ಎತ್ತಿಕೊಂಡು ಹೋದರು. ಗೋಡೆಯ ಆ ಕಡೆಯಿಂದ ಸುತ್ತಿಗೆಯ ಸದ್ದು ಶುರುವಾಯಿತು, ಮೊದಮೊದಲು ತಡೆದು ತಡೆದು, ಆಮೇಲೆ ಒಂದೇ ಸಮನೆ.

ಅಮ್ಮನಿಗೆ ತಡೆಯಲಾಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು, ಕಣ್ಣು ಒರೆಸಿಕೊಳ್ಳುತ್ತಾ, "ಅತ್ತೆ, ಗೋಡೆ ಆಚೆನೇ ಅವ್ರೆ. ಹೋಗಿ ಮುಖ ನೋಡಬಾರದಾ? ಎಷ್ಟು ವರ್ಷ ಆಯ್ತು" ಅಂದಳು. ಅಜ್ಜಿ ಗೋಡೆಗೆ ಅಂಗೈ ಒತ್ತಿಕೊಂಡು ಕೂತಿದ್ದಳು. ಆ ಕಡೆಯ ಒಂದೊಂದು ಏಟಿಗೂ ಅವಳ ಬೆರಳು ಅಲುಗುತ್ತಿತ್ತು. "ಸುಮ್ಕಿರು ಕಣಮ್ಮ" ಅಂದಳು. "ಈಗ ನಾನು ಹೋಗಿ ನಿಂತ್ರೆ ಅವನ ಕೈ ನಡುಗ್ತದೆ. ತಗಡು ಕೆಟ್ಟೋಯ್ತದೆ. ಮುಗೀಲಿ."

ಅಷ್ಟು ವರ್ಷ ಕಾದವಳು ಕೂತಲ್ಲೇ ಕೂತು ಇನ್ನೂ ಕಾದಳು. ಅಮ್ಮ ನನ್ನನ್ನು ಸ್ಕೂಲಿಗೆ ಹೋಗು ಅನ್ನಲಿಲ್ಲ, ನಾನೂ ಹೋಗಲಿಲ್ಲ. ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂತು. ಆ ಕಡೆ ಸುತ್ತಿಗೆ ನಿಂತು ಅರದ ಸದ್ದು ಕೇಳಿಸಿತು, ಅದೂ ನಿಧಾನಕ್ಕೆ ನಿಂತಿತು. ಅಜ್ಜಿ ಗೋಡೆಯಿಂದ ಕೈ ತೆಗೆದು, ಸೆರಗು ಸರಿಮಾಡಿಕೊಂಡು, ನನ್ನ ಹೆಗಲು ಹಿಡಿದು ಎದ್ದಳು.

"ನಡಿ ಮಗ, ಈಗ ಹೋಗಾನ" ಅಂದಳು.